ಉಳುಕು

ಅವರು ಹೇಳಿದ್ದು ‘ಹರಿದ ಹಾಗೆ’ ಎಂದು.
ನಾನು ಬರೆದದ್ದು ‘ಉಳುಕು’.

ಡಿಸೆಂಬರು. ರಾತ್ರಿ ಎರಡು ನಲವತ್ತು.
ಡುಲೂತಿನ ಗುಡ್ಡ ಇಳಿವ ರಸ್ತೆಗಳೆಲ್ಲ ಗಾಜು.
ಒಂಬತ್ತನೇ ಮಂಚದಲ್ಲಿ ಐನೊ ಲಾಹ್ತಿನೆನ್, ಅರವತ್ತೊಂದು,
ಅದಿರು ಧಕ್ಕೆಯ ಕ್ರೇನಿನವರು.
ಬೂಟಿನ ಹಿಮ ಕರಗಿ ನೆಲದ ಮೇಲೊಂದು ಪುಟ್ಟ ಹೊಂಡ.
ಅಂಗಳದ ಹಿಮ ಎತ್ತಿದೆ ಡಾಕ್ಟರೇ, ಬೆನ್ನಲ್ಲೇನೋ, ಎಂದು
ಎರಡೂ ಕೈಯಿಂದ ಗಾಳಿಯಲ್ಲಿ
ಇಲ್ಲದ ಬಟ್ಟೆಯೊಂದನ್ನು ಹರಿದು ತೋರಿಸಿದರು.
ನರ್ಸ್ ಕಾರಿನ್ ಆ ಮಾತನ್ನು ಹಾಗೇ ಬರೆದುಕೊಂಡಳು.
ನಾನು ಬೆನ್ನು ಒತ್ತಿ ನೋಡಿ, ಮಾತ್ರೆ ಬರೆದು,
ಎರಡು ದಿನ ಸಲಿಕೆ ಮುಟ್ಟಬೇಡಿ ಎಂದೆ.

ಮುಟ್ಟಲಿಲ್ಲ.
ಬೆಳಿಗ್ಗೆ ಏಳಕ್ಕೆ ಸೌನಾದ ಮೆಟ್ಟಿಲ ಮೇಲೆ,
ಟವೆಲ್ಲು ಭುಜದ ಮೇಲೆ ಹಾಗೇ.
ಹೃದಯದಿಂದ ಹೊರಟ ದೊಡ್ಡ ನಾಳ
ಒಳಗೊಳಗೇ ಹರಿದಿತ್ತು.
ಹರಿದಲ್ಲೆಲ್ಲ ಹರಿದಿತ್ತು.

ಹದಿನಾಲ್ಕು ತಿಂಗಳಿಗೆ ಕಾಗದ ಬಂತು.
ಹುಡುಗನೊಬ್ಬನ ಗದ್ದಕ್ಕೆ ಮೂರನೇ ಹೊಲಿಗೆ ಹಾಕುತ್ತಿದ್ದೆ.
ಪರದೆಯಾಚೆ ಶೆರೀಫನ ಕಡೆಯವನು
ಟೋಪಿ ತೆಗೆದು ಕಾದ. ನಾಲ್ಕನೆಯದು. ಐದನೆಯದು.
ಸೂಲ್ವೈ ಓಸೆನ್ ಅಂದರೆ ನೀವೇನಾ?
ಹೌದೆಂದೆ. ಲಕೋಟೆ ಕೊಟ್ಟು, ಬಗ್ಗಿ ನೋಡಿ,
ಹೊಲಿಗೆ ಚೆನ್ನಾಗಿ ಬಂದಿದೆ ಎಂದು ಹೋದ.

ನನ್ನ ವಕೀಲ ಗ್ರೇಡಿ ಹಳದಿ ಹಾಳೆಯಲ್ಲಿ ಬರೆದುಕೊಟ್ಟ:
ಆ ಹೆಂಗಸು ಕಂಡರೆ ರಸ್ತೆ ದಾಟಿ.
ಕಾಗದ ಬೇಡ, ಹೂವಂತೂ ಬೇಡವೇ ಬೇಡ.
ಕೇಳಿದಷ್ಟಕ್ಕೇ ಉತ್ತರ.
‘ಅನ್ನಿಸಿತು’ ಅನ್ನಬೇಡಿ.

ಈ ಊರಲ್ಲಿ ಹಡಗು ಕೂಗಿದರೆ
ಸೇತುವೆ ಮಾರುಕೂಗಬೇಕು, ಒಂದು ಉದ್ದ, ಎರಡು ಗಿಡ್ಡ.
ಮಕ್ಕಳು ಅದನ್ನು ಕೇಳಲೆಂದೇ ದಡಕ್ಕೆ ಬರುತ್ತವೆ.
ಆ ಎರಡು ವರ್ಷ ಐಲಿ ಲಾಹ್ತಿನೆನ್ ನನ್ನನ್ನು ಕೂಗುತ್ತಲೇ ಇದ್ದಳು,
ಮುದ್ರೆಯೊತ್ತಿದ ಕಾಗದದಲ್ಲಿ, ಡಾಲರಿನ ಲೆಕ್ಕದಲ್ಲಿ.
ಬೇರೆ ದನಿ ಆಕೆಗೆ ಯಾರು ಕೊಟ್ಟಿದ್ದರು?
ನಾನು ಮಾರುಕೂಗಲಿಲ್ಲ.

ನ್ಯಾಯಾಲಯದಲ್ಲಿ ದಾಖಲೆ ಹದಿನಾಲ್ಕು: ನನ್ನ ಹಾಳೆ,
ಗೋಡೆಯಗಲ ಹಿಗ್ಗಿಸಿದ್ದು.
ನನ್ನ ಅಕ್ಷರವನ್ನು ಅಷ್ಟು ದೊಡ್ಡದಾಗಿ ನಾನೇ ಕಂಡಿರಲಿಲ್ಲ.
ಓದಿ, ಎಂದರು. ಉಳುಕು, ಎಂದೆ.
ಓದುತ್ತಿದ್ದಂತೆ ಮೊದಲಕ್ಷರ ಸರಿದು
ಅಳುಕು ಎಂದಾಯಿತು.
ಆ ರಾತ್ರಿ ನನ್ನಲ್ಲಿ ಇರಬೇಕಾಗಿದ್ದದ್ದು.

ಡಾಕ್ಟರು ಅವಸರ ಮಾಡಿದರಲ್ಲವೇ?
ಆಕೆಯ ವಕೀಲನೇ ಕೇಳಿದ, ಹೌದೆಂಬುದನ್ನು ಬಾಯಿಗೇ ಇಟ್ಟು.
ಐಲಿ ಕೈಚೀಲದ ಕೊಂಡಿಯನ್ನು ಬಹಳ ಹೊತ್ತು ನೋಡಿದಳು.
ಇಲ್ಲ. ಕೂತರು.
ಕ್ರೇನಿನ ಮೇಲಿಂದ ಸರೋವರ ಹೇಗೆ ಕಾಣುತ್ತೆ ಅಂತ ಕೇಳಿದರು.
ಅಷ್ಟು ಮಾತು ನಮ್ಮವರು ಮನೆಯಲ್ಲೂ ಆಡಿದ್ದಿಲ್ಲ.

ಊಟವೂ ಸೇರಿ ಜ್ಯೂರಿಗೆ ಹಿಡಿದದ್ದು ಮೂರು ತಾಸು.
ತಪ್ಪಿಲ್ಲ, ಎಂದರು.
ಗ್ರೇಡಿ ಬೆನ್ನು ತಟ್ಟಿದ,
ಸರಿಯಾಗಿ ಭುಜಗಳ ನಡುವೆ,
ಐನೊ ತೋರಿಸಿದ ಜಾಗದಲ್ಲೇ.

ಈಗ ಬೆನ್ನು ಅಂದವರನ್ನೆಲ್ಲ ಸ್ಕ್ಯಾನಿಗೆ ಕಳಿಸುತ್ತೇನೆ,
ಹಾಕಿ ಆಡಿ ಬಿದ್ದ ಹದಿನೆಂಟರ ಹುಡುಗರನ್ನೂ.
ಇದೂ ಲಾಹ್ತಿನೆನ್ನೇ? ಎನ್ನುತ್ತಾನೆ ಸ್ಕ್ಯಾನಿನ ಡ್ವೇನ್.
ನಾಲ್ಕು ವರ್ಷದಲ್ಲಿ ಒಂದೂ ಸಿಕ್ಕಿಲ್ಲ.
ಯಂತ್ರ ನೋಡುತ್ತದಲ್ಲ,
ನಾನು ಕೂರುವುದು ಕಡಿಮೆಯಾಗಿದೆ.

ನಿನ್ನೆ ಪಾಳಿ ಮುಗಿಸಿ ಕಾಲುವೆ ಬದಿಗೆ ಕಾರು ನಿಲ್ಲಿಸಿದೆ.
ಮಂಜುಗಡ್ಡೆ ಒಡೆದುಕೊಂಡು ವರ್ಷದ ಮೊದಲ ಹಡಗು.
ಒಂದು ಉದ್ದ, ಎರಡು ಗಿಡ್ಡ.
ಸೇತುವೆ ಉತ್ತರ ಕೊಟ್ಟಿತು.
ನನ್ನ ಅಂಗೈ ಹಾರ್ನಿನ ಮೇಲೆ ಇತ್ತು, ಇದ್ದೇ ಇತ್ತು.

ಆ ರಾತ್ರಿ ಅವರು ಹೇಳಿದ್ದರು:
ಮೇಲಿಂದ ನೋಡಿದರೆ ಗೊತ್ತಾಗುತ್ತೆ ಡಾಕ್ಟರೇ,
ಮಂಜು ಹರಿಯುವಾಗ ಮೊದಲು ಸದ್ದಿರೋದಿಲ್ಲ.
ಬಣ್ಣ ಒಂದಿಷ್ಟು ಬದಲಾಗುತ್ತೆ, ಅಷ್ಟೇ.